ದೊಡ್ಡಪ್ಪನವರಿಂದ ಬಂದ ಚೀನೀ ಜೇಡ್ ಕೆತ್ತನೆಗಳು: ಗುರುತಿಸುವುದು, ಬೆಲೆ ಕಟ್ಟಿಸುವುದು, ಮಾರುವುದು ಹೇಗೆ?

ಪ್ರಶ್ನೆ

ಹಾಂಗ್ ಕಾಂಗ್‌ನ ಹಡಗು ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದ ನನ್ನ ದೊಡ್ಡಪ್ಪನವರು ಅಲ್ಲಿಯೇ ನೆಲೆಸಿದ್ದರು. 1960ರ ದಶಕದಿಂದ ಅವರು ಹಾಲಿವುಡ್ ರಸ್ತೆಯ ಹಳೆಯ ವಸ್ತುಗಳ ಅಂಗಡಿಗಳಲ್ಲಿ ಆಗಾಗ ಜೇಡ್ ಕೆತ್ತನೆಗಳನ್ನು ಕೊಳ್ಳುತ್ತಿದ್ದರು. ಅವುಗಳಲ್ಲಿ ಐದು ಈಗ ಉಯಿಲಿನ ಮೂಲಕ ನನಗೆ ಬಂದಿವೆ. ನಾನೂ ಹಾಂಗ್ ಕಾಂಗ್‌ನಲ್ಲಿಯೇ ಉದ್ಯೋಗದಲ್ಲಿರುವುದರಿಂದ ಅವೆಲ್ಲ ಇಲ್ಲಿನ ಮನೆಯಲ್ಲಿವೆ.

ಮೊದಲನೆಯದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ, ಕಾಲು ಮಡಚಿ ಮಲಗಿ ತಲೆಯನ್ನು ಹಿಂದಕ್ಕೆ ಹೊರಳಿಸಿರುವ ಬಿಳಿಯ ಕುದುರೆ. ಅದರ ಬೆನ್ನಿನ ಒಂದು ಕಡೆ ಕಂದು ಬಣ್ಣದ ಪಟ್ಟೆಯಿದೆ. ಎರಡನೆಯದು ಕಡುಹಸಿರಿನ ಬಟ್ಟಲು. ಮೂರನೆಯದು ಗ್ವಾನ್‌ಯಿನ್ ದೇವಿಯ ಚಿತ್ರವಿರುವ, ಕಣ್ಣಿಗೆ ಹೊಡೆಯುವಷ್ಟು ಹಸಿರಾದ ಪದಕ. ನಾಲ್ಕನೆಯದು ಅಲ್ಲಲ್ಲಿ ಬಿಳಿಚಿಕೊಂಡು ಮಣ್ಣಿನ ಬಣ್ಣಕ್ಕೆ ತಿರುಗಿರುವ ಜೀರುಂಡೆಯ ಆಕೃತಿ; ಇದನ್ನು ಅಂಗಡಿಯವರು ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ಕಾಲದ್ದೆಂದು ಹೇಳಿ ಕೊಟ್ಟಿದ್ದರಂತೆ. ಐದನೆಯದು ಮರದ ಪೀಠದ ಮೇಲೆ ನಿಲ್ಲುವ ತಿಳಿಹಸಿರು ಬೆಟ್ಟ. ಅದರಲ್ಲಿ ಪೈನ್ ಮರಗಳು, ಮಂಟಪ ಮತ್ತು ಇಬ್ಬರು ವೃದ್ಧರಿದ್ದಾರೆ, ಹಿಂಭಾಗದಲ್ಲಿ ಕವಿತೆಯೊಂದು ಮತ್ತು ಹದಿನೆಂಟನೆಯ ಶತಮಾನದ ಚಿಂಗ್ ವಂಶದ ಚಿಯೆನ್‌ಲಾಂಗ್ ಚಕ್ರವರ್ತಿಯ ಹೆಸರಿನ ಮುದ್ರೆ ಇದೆ. ಕುದುರೆ ಮತ್ತು ಜೀರುಂಡೆ ಎರಡಕ್ಕೂ ಸೇರಿ 1966ರ ಅಂಗಡಿಯ ರಸೀದಿಯೊಂದಿದೆ. ಉಳಿದವುಗಳಿಗೆ ಯಾವ ಕಾಗದವೂ ಇಲ್ಲ.

ಇವು ನಿಜವಾಗಿ ಜೇಡ್ ಶಿಲೆಯವೇ, ಎಷ್ಟು ಹಳೆಯವು, ಬೆಲೆಯನ್ನು ಯಾರಿಂದ ಕಟ್ಟಿಸಬೇಕು, ಮಾರುವುದಾದರೆ ಎಲ್ಲಿ ಮಾರುವುದು ಲೇಸು ಎಂಬುದನ್ನು ತಿಳಿಯಬೇಕಾಗಿದೆ. ಜೊತೆಗೆ ಇನ್ನೊಂದು ವಿಷಯವನ್ನೂ ಹೇಳಬೇಕು. ಬೆಟ್ಟದ ಚಿತ್ರವನ್ನು ನಾನು ಅಂತರಜಾಲದಲ್ಲಿ ಹಾಕಿದ ಮೇಲೆ ಸಂಸ್ಥೆಯೊಂದರವರು ತಾವಾಗಿಯೇ ಕರೆ ಮಾಡಿ, ಅದಕ್ಕೆ ಎರಡು ಕೋಟಿ ಹಾಂಗ್ ಕಾಂಗ್ ಡಾಲರ್ ಬರುತ್ತದೆಂದೂ, ಪ್ರದರ್ಶನ ಮತ್ತು ಕ್ಯಾಟಲಾಗ್‌ನ ಖರ್ಚಿಗಾಗಿ ಮುಂಗಡ ಶುಲ್ಕ ಕಟ್ಟಬೇಕೆಂದೂ ಹೇಳುತ್ತಿದ್ದಾರೆ. ಬಲ್ಲವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಮಾನ್ಯರೇ, ನಾನು ರತ್ನಪರೀಕ್ಷೆಯ ವೃತ್ತಿಯವನು. ಹಾಗಾಗಿ ಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಕಾಲ ಮತ್ತು ಬೆಲೆಯ ಬಗ್ಗೆ ಆಯಾ ವಿಷಯದ ಅನುಭವಿಗಳು ಹೇಳಲಿ.

ಜೇಡ್ ಎಂದು ಕರೆಯುವುದು ಒಂದು ಕಲ್ಲನ್ನಲ್ಲ, ಎರಡನ್ನು. ಇದನ್ನು 1863ರಲ್ಲಿ ಫ್ರೆಂಚ್ ಖನಿಜಶಾಸ್ತ್ರಜ್ಞ ಅಲೆಕ್ಸಿ ದಾಮೂರ್ ತೋರಿಸಿಕೊಟ್ಟರು. ಚೀನಾದಲ್ಲಿ ನವಶಿಲಾಯುಗದಿಂದ ಕೆತ್ತುತ್ತ ಬಂದಿರುವ ಶಿಲೆ ನೆಫ್ರೈಟ್. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಿಲಿಕೇಟ್‌ನ ಅತಿ ಸೂಕ್ಷ್ಮ ನಾರುಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅದು ಸುಲಭವಾಗಿ ಒಡೆಯುವುದಿಲ್ಲ. ಇನ್ನೊಂದು ಶಿಲೆಯಾದ ಜೇಡೈಟ್ ಸೋಡಿಯಂ ಮತ್ತು ಅಲ್ಯೂಮಿನಿಯಂ ಸಿಲಿಕೇಟ್. ಅದು ಬರ್ಮಾದ ಕಚಿನ್ ಪ್ರಾಂತ್ಯದಿಂದ ಹೆಚ್ಚಿನ ಪ್ರಮಾಣದಲ್ಲಿ ಚೀನಾಕ್ಕೆ ಬರತೊಡಗಿದ್ದು ಹದಿನೆಂಟನೆಯ ಶತಮಾನದಲ್ಲಿ. ಆದ್ದರಿಂದ ಜೇಡೈಟ್‌ನಲ್ಲಿ ಕೆತ್ತಿದ ವಸ್ತುವನ್ನು ಹಾನ್ ಅಥವಾ ಮಿಂಗ್ (1368–1644) ಕಾಲದ್ದೆಂದು ಯಾರಾದರೂ ಹೇಳಿದರೆ ಮುಂದೆ ವಿಚಾರಿಸುವ ಅಗತ್ಯವೇ ಇರುವುದಿಲ್ಲ.

ಇವೆರಡರ ಜಾಗದಲ್ಲಿ ಮಾರಾಟವಾಗುವ ಬೇರೆ ಕಲ್ಲುಗಳು ಬಹಳ. ಸರ್ಪೆಂಟೈನ್ ಅವುಗಳಲ್ಲಿ ಮುಖ್ಯವಾದದ್ದು. ಈಶಾನ್ಯ ಚೀನಾದ ಶಿಯುಯೆನ್ ಗಣಿಗಳ ಸರ್ಪೆಂಟೈನ್ ಎಷ್ಟೋ ಅಂಗಡಿಗಳಲ್ಲಿ ಜೇಡ್ ಎಂದೇ ಬಿಕರಿಯಾಗುತ್ತದೆ. ಬಳಪದ ಕಲ್ಲು, ಅಮೃತಶಿಲೆ, ಬಣ್ಣ ಹಾಕಿದ ಕ್ವಾರ್ಟ್ಸೈಟ್ ಮತ್ತು ಗಾಜು ಕೂಡ ಇವೆ. ಚಾಕುವಿನಿಂದ ಗೀರಿ ನೋಡಿ ಎಂದು ಹಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಟ್ಟಿಯಾದ ಸರ್ಪೆಂಟೈನ್ ಚಾಕುವಿಗೆ ಬಗ್ಗದೆ ಇರಬಹುದು, ಕ್ವಾರ್ಟ್ಸೈಟ್ ಅಂತೂ ಬಗ್ಗುವುದೇ ಇಲ್ಲ. ಅಂದರೆ ಗೀರು ಉಳಿಯುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ. ಮುಟ್ಟಿದರೆ ತಣ್ಣಗಿದೆ, ತಟ್ಟಿದರೆ ನಾದ ಬರುತ್ತದೆ ಎಂಬ ಪರೀಕ್ಷೆಗಳಿಗೂ ನಾನು ಬೆಲೆ ಕೊಡುವುದಿಲ್ಲ.

ಮನೆಯಲ್ಲಿಯೇ ಮಾಡಬಹುದಾದ, ವಸ್ತುವಿಗೆ ಹಾನಿಯಾಗದ ಒಂದು ಪರೀಕ್ಷೆ ಸಾಪೇಕ್ಷ ಸಾಂದ್ರತೆಯದು, ಅಂದರೆ ವಸ್ತು ಅಷ್ಟೇ ಗಾತ್ರದ ನೀರಿನ ಎಷ್ಟು ಪಟ್ಟು ತೂಗುತ್ತದೆ ಎಂಬುದು. ಗ್ರಾಂನ ಹತ್ತನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿಯಲ್ಲಿ ಮೊದಲು ವಸ್ತುವಿನ ತೂಕ ನೋಡಿಕೊಳ್ಳಿ. ಬಳಿಕ ನೀರಿರುವ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ವಸ್ತುವನ್ನು ತೆಳುವಾದ ದಾರದಿಂದ ತೂಗುಹಾಕಿ, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ. ಆಗ ತಕ್ಕಡಿ ತೋರಿಸುವ ಅಂಕೆಯಿಂದ ಮೊದಲಿನ ತೂಕವನ್ನು ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. 148 ಗ್ರಾಂ ತೂಗುವ ವಸ್ತು ಮುಳುಗಿದಾಗ ತಕ್ಕಡಿ 50 ಎಂದು ತೋರಿಸಿದರೆ ಫಲಿತಾಂಶ 2.96. ನೆಫ್ರೈಟ್ ಸುಮಾರು 2.90ರಿಂದ 3.03ರ ಒಳಗೆ, ಜೇಡೈಟ್ 3.34ರ ಆಸುಪಾಸಿನಲ್ಲಿ, ಸರ್ಪೆಂಟೈನ್ 2.6ರ ಹತ್ತಿರ, ಕ್ವಾರ್ಟ್ಸೈಟ್ 2.65ರ ಹತ್ತಿರ ಬರುತ್ತವೆ. ಮೇಲ್ಮೈಗೆ ಅಂಟಿದ ಗಾಳಿಯ ಗುಳ್ಳೆಗಳನ್ನು ಮೆತ್ತನೆಯ ಕುಂಚದಿಂದ ಸವರಿ ತೆಗೆಯದಿದ್ದರೆ ಫಲಿತಾಂಶ ಕಡಿಮೆ ಬರುತ್ತದೆ. ಜೀರುಂಡೆಯನ್ನು ಮಾತ್ರ ನೀರಿಗೆ ಹಾಕಬೇಡಿ. ಅದರ ಮೇಲಿನ ಮಣ್ಣು ನಿಜವಾದದ್ದಾಗಿದ್ದರೆ ಅದೂ ಒಂದು ಸಾಕ್ಷ್ಯ.

ಹಸಿರು ಪದಕದ ಮಾತು ಬೇರೆ. ಅದು ಜೇಡೈಟ್ ಎಂದು ಗೊತ್ತಾದರೂ ಪ್ರಶ್ನೆ ಮುಗಿಯುವುದಿಲ್ಲ. ವ್ಯಾಪಾರದಲ್ಲಿ ಜೇಡೈಟನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಮೇಣದ ಮೆರುಗಿನ ಹೊರತು ಬೇರೇನೂ ಮಾಡದೆ ಇರುವುದು ಎ. ಆಮ್ಲದಲ್ಲಿ ಕಲೆಗಳನ್ನು ತೆಗೆದು ಒಳಗಿನ ಸಂದುಗಳಿಗೆ ರಾಳ ತುಂಬಿದ್ದು ಬಿ, ಬಣ್ಣ ಹಾಕಿದ್ದು ಸಿ. ಬಿ ದರ್ಜೆಯ ಕಲ್ಲು 1980ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಬಣ್ಣ ಹಾಕಿದ್ದನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಕೆಲವೊಮ್ಮೆ ಗುರುತಿಸಬಹುದು. ಹಸಿರು ಕಣಗಳ ಒಳಗಿರದೆ ಕಣಗಳ ನಡುವಿನ ಗೆರೆಗಳಲ್ಲಿ ಜಾಲದಂತೆ ಹರಡಿರುತ್ತದೆ. ರಾಳವನ್ನು ಖಚಿತವಾಗಿ ಕಾಣಲು ಮಾತ್ರ ಅವಗೆಂಪು ರೋಹಿತದ ಪರೀಕ್ಷೆ ಬೇಕು, ಅದು ಪ್ರಯೋಗಾಲಯದ ಕೆಲಸ. ನಿಮ್ಮ ಐದು ವಸ್ತುಗಳಲ್ಲಿ ಪ್ರಮಾಣಪತ್ರಕ್ಕೆ ಹಣ ಖರ್ಚು ಮಾಡಬೇಕಾದದ್ದು ಈ ಪದಕಕ್ಕೆ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಎಚ್ಚರಿಕೆ. ಚೀನಾದ ಪ್ರಯೋಗಾಲಯಗಳ ಪತ್ರದಲ್ಲಿ ‘ಹೆತಿಯೆನ್ ಜೇಡ್’ ಎಂದು ಬರೆದಿದ್ದರೆ ಅದು ಷಿನ್‌ಜಿಯಾಂಗ್‌ನ ಖೋತಾನ್‌ನಿಂದ (ಹೆತಿಯೆನ್ ಎಂಬುದು ಈ ಊರಿನ ಚೀನೀ ಹೆಸರು) ಬಂದ ಕಲ್ಲೆಂದು ಅರ್ಥವಲ್ಲ. ಚೀನಾದ ಮಾನದಂಡದ ಪ್ರಕಾರ ಅಲ್ಲಿನದೇ ಇನ್ನೊಂದು ಪ್ರಾಂತ್ಯವಾದ ಚಿಂಗ್‌ಹಾಯ್, ರಷ್ಯಾ ಅಥವಾ ಕೊರಿಯಾದ ನೆಫ್ರೈಟ್‌ಗೂ ಅದೇ ಹೆಸರು ಸಲ್ಲುತ್ತದೆ. ಯಾವ ಪ್ರಯೋಗಾಲಯವೂ ಕೆತ್ತನೆ ಯಾವ ವರ್ಷದ್ದೆಂದು ಹೇಳಲಾರದು; ಕಲ್ಲಿನ ವಯಸ್ಸು ಭೂಗರ್ಭದ್ದು, ಅದರಿಂದ ಕುಶಲಕರ್ಮಿಯ ಕಾಲ ತಿಳಿಯುವುದಿಲ್ಲ.

ಎರಡನೆಯ ಉತ್ತರ

ಕಾಲನಿರ್ಣಯದ ಬಗ್ಗೆ ನಾನು ಬರೆಯುತ್ತೇನೆ. ಖಾಸಗಿ ಸಂಗ್ರಹಗಳ ವಿವರಪಟ್ಟಿ ತಯಾರಿಸುವ ಕೆಲಸ ನನ್ನದು. ಚಿತ್ರ ನೋಡದೆ ತೀರ್ಪು ಕೊಡಲಾಗದಿದ್ದರೂ ಯಾವುದನ್ನು ನೋಡಬೇಕೆಂದು ಹೇಳಬಹುದು.

ಸಾಮಾನ್ಯ ಉಕ್ಕಿಗಿಂತ ಗಟ್ಟಿಯಾದ ಜೇಡ್ ಶಿಲೆಯನ್ನು ಉಳಿಯಿಂದ ಕಡಿಯಲಾಗುವುದಿಲ್ಲ, ಸವೆಸಬೇಕು. ಹಳೆಯ ಕಾಲದಲ್ಲಿ ಕಾಲಿನಿಂದ ತುಳಿದು ತಿರುಗಿಸುವ ಯಂತ್ರಕ್ಕೆ ಕಬ್ಬಿಣದ ಸಣ್ಣ ಬಿಲ್ಲೆಗಳನ್ನು ಜೋಡಿಸಿ, ಗಟ್ಟಿಯಾದ ಮರಳಿನ ಪುಡಿಯನ್ನು ನೀರಿನೊಂದಿಗೆ ಸುರಿಯುತ್ತ ಕಲ್ಲನ್ನು ಉಜ್ಜುತ್ತಿದ್ದರು. ಆ ಬಿಲ್ಲೆ ಕೊರೆದ ಗೆರೆ ನಡುವೆ ಅಗಲವಾಗಿ ತುದಿಗಳಲ್ಲಿ ಚೂಪಾಗುತ್ತದೆ. ವಕ್ರರೇಖೆ ಬೇಕಾದಾಗ ಚಿಕ್ಕಚಿಕ್ಕ ನೇರ ಗೆರೆಗಳನ್ನು ಒಂದರ ಪಕ್ಕ ಒಂದು ಸೇರಿಸುತ್ತ ಹೋಗಬೇಕಾಗುತ್ತಿತ್ತು. ವಿದ್ಯುತ್ತಿನಿಂದ ಅತಿ ವೇಗವಾಗಿ ತಿರುಗುವ ವಜ್ರದ ಮೊನೆ ಬಂದ ಮೇಲೆ ಗೆರೆಯ ಅಗಲ ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಯಿತು, ತಳ ಉರುಟಾಯಿತು, ತಿರುವು ಸಲೀಸಾಯಿತು. ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥ ಗೆರೆಗಳ ಅಚ್ಚನ್ನು ಸಿಲಿಕೋನ್‌ನಲ್ಲಿ ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ್ದಾರೆ. ನಮಗೆ ಭೂತಗನ್ನಡಿಯೇ ಸಾಕಾಗುವ ಸಂದರ್ಭಗಳೂ ಉಂಟು. ಹೊರಗೆ ಕಾಣುವ ಭಾಗಕ್ಕಿಂತ ಹೊಟ್ಟೆಯ ಅಡಿ, ಕಾಲುಗಳ ಸಂದು, ಕಿವಿಯ ಒಳಗೆ ನೋಡಿ. ಆಸ್ಥಾನದ ಮಟ್ಟದ ಕೆಲಸವಾಗಿದ್ದರೆ ಅಲ್ಲಿಯೂ ಮೆರುಗು ಇರುತ್ತದೆ. ನಕಲು ಮಾಡುವವನು ಸಾಮಾನ್ಯವಾಗಿ ದಣಿಯುವುದು ಇಂಥ ಸಂದುಗಳಲ್ಲಿಯೇ.

ನಿಮ್ಮ ಕುದುರೆಯ ಬಗ್ಗೆ ನನಗೆ ಕುತೂಹಲವಿದೆ. ಖೋತಾನ್‌ನ ಯುರುಂಗ್‌ಕಾಶ್ ನದಿಯಲ್ಲಿ ಉರುಳಿ ಬಂದ ಜೇಡ್ ಗುಂಡುಕಲ್ಲುಗಳ ಮೇಲೆ ಕಂದು ಬಣ್ಣದ ಸಿಪ್ಪೆ ಇರುತ್ತದೆ. ಕುಶಲಕರ್ಮಿ ಅದನ್ನು ಬೇಕೆಂದೇ ಸ್ವಲ್ಪ ಉಳಿಸಿ, ಪ್ರಾಣಿಯ ಜೂಲು ಅಥವಾ ಬೆನ್ನಾಗಿ ಬಳಸಿಕೊಳ್ಳುತ್ತಿದ್ದ. ಚಿಂಗ್ ಸೇನೆ 1759ರಲ್ಲಿ ಷಿನ್‌ಜಿಯಾಂಗನ್ನು ಗೆದ್ದ ಮೇಲೆ ಅಲ್ಲಿನ ಕಲ್ಲು ಅರಮನೆಗೆ ನೇರವಾಗಿ, ಹಿಂದೆಂದೂ ಇಲ್ಲದಷ್ಟು ಪ್ರಮಾಣದಲ್ಲಿ ಬರತೊಡಗಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದ ಕೆತ್ತನೆಗಳಲ್ಲಿ ದೊಡ್ಡ, ದೋಷರಹಿತ ಬಿಳಿ ಕಲ್ಲು ಹೆಚ್ಚಾಗಿ ಕಾಣಲು ಇದೇ ಕಾರಣ. ನಿಮ್ಮ 1966ರ ರಸೀದಿ ಇಲ್ಲಿ ಬಹಳ ದೊಡ್ಡ ಕೆಲಸ ಮಾಡುತ್ತದೆ. ಇಂದು ನಕಲಿಗೆ ಧಾರಾಳವಾಗಿ ಬಳಸುವ ಚಿಂಗ್‌ಹಾಯ್‌ನ ಬಿಳಿ ನೆಫ್ರೈಟ್ ಮಾರುಕಟ್ಟೆಗೆ ಬಂದದ್ದು 1990ರ ದಶಕದಲ್ಲಿ. ರಸೀದಿ ನಿಜವಾಗಿ ಈ ಕುದುರೆಯದೇ ಆಗಿದ್ದರೆ ಆ ಅನುಮಾನ ಒಂದೇ ಏಟಿಗೆ ಹೋಗುತ್ತದೆ. ರಸೀದಿಯಲ್ಲಿ ಬಣ್ಣ, ಅಳತೆ, ಭಂಗಿ ಇವುಗಳಲ್ಲಿ ಯಾವುದನ್ನಾದರೂ ಬರೆದಿದ್ದಾರೆಯೇ ಎಂದು ನೋಡಿ. ಬರೀ ‘ಜೇಡ್ ಪ್ರಾಣಿ’ ಎಂದಿದ್ದರೆ ಅದರ ತೂಕ ಕಡಿಮೆ.

ಬೆಟ್ಟದ ಬಗ್ಗೆ ಅಷ್ಟು ಆಸೆ ಇಟ್ಟುಕೊಳ್ಳಬೇಡಿ. ಜೇಡ್ ಬೆಟ್ಟಗಳ ಸಂಪ್ರದಾಯ ಶಿಖರ ಮುಟ್ಟಿದ್ದು ಚಿಯೆನ್‌ಲಾಂಗ್‌ನ ಆಳ್ವಿಕೆಯಲ್ಲಿ ಎಂಬುದು ನಿಜ. ಪ್ರವಾಹವನ್ನು ಪಳಗಿಸಿದ ಪೌರಾಣಿಕ ದೊರೆ ಯೂ ಮಹಾಶಯನ ಕಥೆಯಿರುವ, ಐದು ಟನ್ನಿಗೂ ಮಿಕ್ಕಿ ತೂಗುವ ಬೆಟ್ಟವನ್ನು ಯಾಂಗ್‌ಝೌ ನಗರದ ಕುಶಲಕರ್ಮಿಗಳು ಕೆತ್ತಿ 1787ರಲ್ಲಿ ಮುಗಿಸಿದರು. ಅದು ಈಗಲೂ ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಆ ಪ್ರತಿಷ್ಠೆಯ ಕಾರಣಕ್ಕಾಗಿಯೇ ಅವನ ಹೆಸರಿನ ಮುದ್ರೆ ನಂತರದ ಅಸಂಖ್ಯ ವಸ್ತುಗಳ ಮೇಲೆ ಕಾಣಿಸಿಕೊಂಡಿದೆ. ಬರಹವಿಲ್ಲದ ನಿಜವಾದ ಹಳೆಯ ಬೆಟ್ಟಕ್ಕೆ ಆಮೇಲೆ ಬರಹ ಸೇರಿಸಿ ಬೆಲೆ ಏರಿಸುವುದೂ ಉಂಟು. ಇದನ್ನು ಪರಿಶೀಲಿಸಲು ಒಂದು ದಾರಿಯಿದೆ. ಆ ಚಕ್ರವರ್ತಿಯ ಹೆಸರಿನಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ಕವಿತೆಗಳಿವೆ, ಅವು ಸಂಕಲನಗಳಾಗಿ ಪ್ರಕಟವಾಗಿವೆ. ನಿಮ್ಮ ಬೆಟ್ಟದ ಮೇಲಿನ ಕವಿತೆ ಅಲ್ಲಿ ಸಿಗುತ್ತದೆಯೇ, ಅದು ಈ ದೃಶ್ಯಕ್ಕೆ ಹೊಂದುತ್ತದೆಯೇ ಎಂದು ಚೀನೀ ಬಲ್ಲವರಿಂದ ನೋಡಿಸಿ. ಸಿಕ್ಕ ಮಾತ್ರಕ್ಕೆ ವಸ್ತು ಅಸಲಿಯಾಗುವುದಿಲ್ಲ, ಏಕೆಂದರೆ ನಕಲು ಮಾಡುವವರಿಗೂ ಆ ಸಂಕಲನ ಸಿಗುತ್ತದೆ. ಸಿಗದಿದ್ದರೆ ಮಾತ್ರ ಅನುಮಾನ ಗಟ್ಟಿಯಾಗುತ್ತದೆ. ಅಕ್ಷರಗಳ ಅಂಚು ಸುತ್ತಲಿನ ಮೆರುಗಿಗಿಂತ ಹೊಸದಾಗಿ, ಚೂಪಾಗಿ ಕಂಡರೂ ಹಾಗೆಯೇ.

ಜೀರುಂಡೆಯನ್ನು ಹಾನ್ ಕಾಲದಲ್ಲಿ ಮೃತರ ನಾಲಗೆಯ ಮೇಲೆ ಇಡುತ್ತಿದ್ದರು. ಆ ಕಾಲದ ಒಳ್ಳೆಯ ಜೀರುಂಡೆಗಳಲ್ಲಿ ಕೆಲವೇ ಕೆಲವು ನೇರವಾದ, ಖಚಿತವಾದ ಕೊರೆತಗಳಿಂದ ರೆಕ್ಕೆ, ತಲೆ, ಹೊಟ್ಟೆ ಎಲ್ಲವೂ ಮೂಡಿರುತ್ತವೆ; ನಕಲುಗಳಲ್ಲಿ ಕೊರೆತ ಅಳುಕುತ್ತದೆ, ಇಲ್ಲವೇ ಬೇಡದ ವಿವರಗಳು ತುಂಬಿಕೊಳ್ಳುತ್ತವೆ. ಸಮಾಧಿಯಲ್ಲಿ ಶತಮಾನಗಳ ಕಾಲ ಇದ್ದು ಬಿಳಿಚಿಕೊಂಡ ಕಲ್ಲನ್ನು ಅನುಕರಿಸಲು ಬೆಂಕಿಯಲ್ಲಿ ಕಾಯಿಸುತ್ತಾರೆ, ಬಣ್ಣ ಹಾಕುತ್ತಾರೆ, ಆಮ್ಲದಲ್ಲಿ ನೆನೆಸುತ್ತಾರೆ. ಕಾಯಿಸಿದ್ದರಲ್ಲಿ ಮೇಲ್ಮೈ ತುಂಬ ಕೂದಲೆಳೆಯಂಥ ಬಿರುಕುಗಳ ಬಲೆ ಕಾಣುತ್ತದೆ. ಬಣ್ಣ ಹಾಕಿದ್ದರಲ್ಲಿ ಕಂದು ಬಣ್ಣವು ತಗ್ಗುಗಳಲ್ಲಿ ಮಡುಗಟ್ಟಿ ನಿಂತಿರುತ್ತದೆ. ಹಳೆಯ ಜೇಡನ್ನು ಅನುಕರಿಸುವ ಕೆಲಸ ಸಾಂಗ್ ಕಾಲದಿಂದಲೂ (960–1279) ನಡೆದಿದೆ, ಸ್ವತಃ ಚಿಯೆನ್‌ಲಾಂಗ್‌ನ ಆಸ್ಥಾನದಲ್ಲಿ ‘ಪ್ರಾಚೀನದ ಅನುಕರಣೆ’ ಎಂದು ಮುದ್ರೆ ಹಾಕಿಯೇ ಮಾಡಿಸುತ್ತಿದ್ದರು. ಆದ್ದರಿಂದ ಹಾನ್ ಅಲ್ಲವೆಂದು ತೀರ್ಮಾನವಾದರೂ ಅದು ಮಿಂಗ್ ಅಥವಾ ಚಿಂಗ್ ಕಾಲದ ಅನುಕರಣೆಯಾಗಿ ತನ್ನದೇ ಬೆಲೆ ಪಡೆಯಬಹುದು.

ಕೊನೆಯದಾಗಿ, ಯಾವುದನ್ನೂ ತೊಳೆದು ಹೊಳೆಯಿಸಲು ಹೋಗಬೇಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹೇಳಿದಂತೆ ತೂಕ ನೋಡಿದೆ. ಕುದುರೆ 186.4 ಗ್ರಾಂ ಇದ್ದು ನೀರಿನಲ್ಲಿ ತಕ್ಕಡಿ 63.1 ತೋರಿಸಿತು, ಅಂದರೆ 2.95. ಬಟ್ಟಲು 412 ಗ್ರಾಂ, ನೀರಿನಲ್ಲಿ 159, ಫಲಿತಾಂಶ 2.59. ಪದಕ 21.3 ಗ್ರಾಂ, ನೀರಿನಲ್ಲಿ 6.4, ಫಲಿತಾಂಶ 3.33. ಬೆಟ್ಟ ನನ್ನ ತಕ್ಕಡಿಯ ಮಿತಿಗಿಂತ ಭಾರವಾಗಿದೆ, ಜೀರುಂಡೆಯನ್ನು ಮುಟ್ಟಿಲ್ಲ. 1966ರ ರಸೀದಿಯಲ್ಲಿ ‘ಬಿಳಿ ಜೇಡ್ ಮಲಗಿದ ಕುದುರೆ, ಕಂದು ಬೆನ್ನು’ ಎಂದೂ ‘ಹಳೆಯ ಜೇಡ್ ಜೀರುಂಡೆ’ ಎಂದೂ ಚೀನೀ ಭಾಷೆಯಲ್ಲಿ ಬರೆದಿದೆಯೆಂದು ಸಹೋದ್ಯೋಗಿಯೊಬ್ಬರು ಓದಿ ಹೇಳಿದರು. ರಸೀದಿಯಲ್ಲಿ ಕಾಲದ ಹೆಸರಿಲ್ಲ. ಇನ್ನು ಬೆಲೆ ಮತ್ತು ಮಾರಾಟದ ಬಗ್ಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಮೂರನೆಯ ಉತ್ತರ

ಹಾಗಾದರೆ ಬಟ್ಟಲು ಬಹುಮಟ್ಟಿಗೆ ಸರ್ಪೆಂಟೈನ್. ಅದನ್ನು ಮನೆಯಲ್ಲಿಟ್ಟುಕೊಳ್ಳಿ. ಅದರ ಮಾರಾಟಕ್ಕಾಗಿ ಓಡಾಡುವ ಶ್ರಮಕ್ಕೆ ತಕ್ಕ ಹಣ ಬರುವುದಿಲ್ಲ.

ಬೆಲೆಯ ಬಗ್ಗೆ ಮಾತನಾಡುವಾಗ ಪತ್ರಿಕೆಗಳಲ್ಲಿ ಬರುವ ಅಂಕೆಗಳನ್ನು ಮೊದಲು ಪಕ್ಕಕ್ಕಿಡಬೇಕು. 2010ರಲ್ಲಿ ಸದಬೀಸ್‌ನವರ ಹಾಂಗ್ ಕಾಂಗ್ ಹರಾಜಿನಲ್ಲಿ ಚಿಯೆನ್‌ಲಾಂಗ್‌ನ ಬಿಳಿ ಜೇಡ್ ಮುದ್ರೆಯೊಂದು 12.16 ಕೋಟಿ ಹಾಂಗ್ ಕಾಂಗ್ ಡಾಲರಿಗೆ ಹೋಯಿತು. 2014ರಲ್ಲಿ ಅಲ್ಲಿಯೇ ಜೇಡೈಟ್ ಮಣಿಗಳ ಹಟನ್-ಮಿದಿವಾನಿ ಹಾರ 21.4 ಕೋಟಿಗೆ ಮಾರಾಟವಾಯಿತು. ಮೊದಲನೆಯದು ಚಕ್ರವರ್ತಿಯ ಕೈಯಲ್ಲಿದ್ದ ವಸ್ತು. ಎರಡನೆಯದು ಆ ಗಾತ್ರದಲ್ಲಿ, ಆ ಬಣ್ಣದಲ್ಲಿ ಮತ್ತೆ ಸಿಗದಂಥ ಕಲ್ಲು. ಇವುಗಳಿಂದ ನಿಮ್ಮ ಕುದುರೆಯ ಬೆಲೆಯನ್ನು ಲೆಕ್ಕ ಹಾಕಲಾಗದು. ಹರಾಜು ಸಂಸ್ಥೆಗಳ ಜಾಲತಾಣಗಳಲ್ಲಿ ಹಿಂದಿನ ಮಾರಾಟಗಳ ಫಲಿತಾಂಶ ಉಚಿತವಾಗಿ ಸಿಗುತ್ತದೆ. ಮಲಗಿದ ಕುದುರೆ, ಅದೇ ಅಳತೆ, ಅದೇ ಬಣ್ಣ, ಅದೇ ಕಾಲ ಎಂದು ಹೇಳಿರುವ ಹತ್ತಾರು ವಸ್ತುಗಳನ್ನು ನೋಡಿ, ಮಾರಾಟವಾಗದೆ ಉಳಿದವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಂಗಡಿಗಳು ಮತ್ತು ಅಂತರಜಾಲದಲ್ಲಿ ಕೇಳುತ್ತಿರುವ ಬೆಲೆಗೆ ಯಾವ ಅರ್ಥವೂ ಇಲ್ಲ. ಯಾರೋ ಕೇಳಿದ್ದಷ್ಟೇ, ಕೊಟ್ಟದ್ದಲ್ಲ.

ಬಿಳಿ ನೆಫ್ರೈಟ್‌ನ ಬೆಲೆಯಲ್ಲಿ ಕಲ್ಲಿನ ಬಿಳುಪಿಗೂ ಸಮರೂಪತೆಗೂ ಬಹಳ ಮಹತ್ವ. ಕುರಿಯ ಕೊಬ್ಬಿನಂತೆ ಸ್ನಿಗ್ಧವಾದ ಬಿಳುಪಿಗೆ ಚೀನೀ ಕೊಳ್ಳುವವರು ಮೊದಲ ಸ್ಥಾನ ಕೊಡುತ್ತಾರೆ. ಬೂದು ಅಥವಾ ಹಸಿರು ಛಾಯೆ ಹೆಚ್ಚಿದಂತೆ ಬೆಲೆ ಇಳಿಯುತ್ತದೆ. ಅದರ ನಂತರ ಕೆತ್ತನೆಯ ಜೀವಂತಿಕೆ. ಆಮೇಲೆ ಒಡಕು, ಚಕ್ಕೆ ಎದ್ದ ಕಿವಿ, ಮತ್ತೆ ಉಜ್ಜಿ ಸರಿಪಡಿಸಿದ ಗುರುತು. ನನ್ನ ಅನುಭವದಲ್ಲಿ ಮಾಲೀಕರು ಕಡೆಗಣಿಸುವುದು ಒಡೆತನದ ಹಿನ್ನೆಲೆಯನ್ನು, ಕೊಳ್ಳುವವರು ಮೊದಲು ಕೇಳುವುದೂ ಅದನ್ನೇ. ನಕಲಿಗಳು ತುಂಬಿದ ಮಾರುಕಟ್ಟೆಯಲ್ಲಿ 1966ರ ರಸೀದಿ ಇರುವ ಕುದುರೆಗೂ ರಸೀದಿಯಿಲ್ಲದ ಅಂಥದೇ ಕುದುರೆಗೂ ಅಂತರ ದೊಡ್ಡದು. ದೊಡ್ಡಪ್ಪನವರ ಹಳೆಯ ಮನೆಯ ಛಾಯಾಚಿತ್ರಗಳಲ್ಲಿ ಕಪಾಟಿನ ಮೇಲೆ ಬೆಟ್ಟ ಕಾಣಿಸುತ್ತಿದ್ದರೆ ಅದನ್ನೂ ಹುಡುಕಿ ತೆಗೆಯಿರಿ. ವಿಮಾ ಪತ್ರ, ಪತ್ರವ್ಯವಹಾರ, ಉಯಿಲಿನ ಪ್ರತಿ ಎಲ್ಲವೂ ಉಪಯೋಗಕ್ಕೆ ಬರುತ್ತವೆ.

ಮೌಲ್ಯಮಾಪನಕ್ಕೆ ಹಣ ಕೊಡುವ ಅಗತ್ಯವಿಲ್ಲ. ಸದಬೀಸ್, ಕ್ರಿಸ್ಟೀಸ್, ಬೋನಮ್ಸ್ ಮೊದಲಾದ ಸಂಸ್ಥೆಗಳ ಚೀನೀ ಕಲಾವಸ್ತುಗಳ ವಿಭಾಗಗಳು ಚಿತ್ರಗಳನ್ನು ನೋಡಿ ಹರಾಜಿನ ಅಂದಾಜನ್ನು ಉಚಿತವಾಗಿ ಹೇಳುತ್ತವೆ. ಎಲ್ಲ ಬದಿಗಳ, ತಳದ, ದೋಷಗಳ ಹಾಗೂ ಹಿಂದಿನಿಂದ ಬೆಳಕು ಹಾಯಿಸಿದ ಚಿತ್ರಗಳನ್ನು ಅಳತೆ ಮತ್ತು ತೂಕದೊಂದಿಗೆ ಕನಿಷ್ಠ ಎರಡು ಕಡೆಗೆ ಒಂದೇ ಸಮಯಕ್ಕೆ ಕಳುಹಿಸಿ. ಕುದುರೆಗೆ ಪ್ರಯೋಗಾಲಯದ ಪತ್ರ ಬೇಡ ಎಂಬ ಮೊದಲ ಉತ್ತರದ ಮಾತನ್ನು ನಾನೂ ಒಪ್ಪುತ್ತೇನೆ, ಹಳೆಯ ನೆಫ್ರೈಟ್ ಕೊಳ್ಳುವವರು ಕೈಯಲ್ಲಿ ಹಿಡಿದು ನೋಡಿ ನಿರ್ಧರಿಸುತ್ತಾರೆ.

ಅಂದಾಜು ಹೆಚ್ಚು ಕೊಟ್ಟವರಿಗೇ ಕೊಡಬೇಕೆಂಬ ಆಸೆ ಸಹಜ, ಆದರೆ ಅಪಾಯಕಾರಿ. ಅಂದಾಜು ಎತ್ತರದಲ್ಲಿದ್ದು ವಸ್ತು ಮಾರಾಟವಾಗದೆ ಹಿಂದಿರುಗಿದರೆ ಆ ಫಲಿತಾಂಶ ಅಂತರಜಾಲದಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಮುಂದಿನ ಕೊಳ್ಳುವವರೆಲ್ಲ ಅದನ್ನು ನೋಡುತ್ತಾರೆ. ಸಾಧಾರಣ ಅಂದಾಜಿಟ್ಟು, ಅದರ ಕೆಳಗಿನ ಅಂಕೆಗೆ ಸಮನಾಗಿ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆಯಾಗಿ ಕನಿಷ್ಠ ಬೆಲೆ ನಿಗದಿ ಮಾಡಿದರೆ ಇಬ್ಬರು ಜಿದ್ದಿಗೆ ಬೀಳುವ ಅವಕಾಶ ಹೆಚ್ಚು. ಪ್ರಕಟವಾಗುವ ಬೆಲೆ ನಿಮಗೆ ಬರುವ ಹಣವಲ್ಲ ಎಂಬುದನ್ನೂ ತಿಳಿದಿರಿ. ಸುತ್ತಿಗೆ ಬಿದ್ದಾಗ ಕೊನೆಯ ಕೂಗು ಒಂದು ಲಕ್ಷ ಡಾಲರ್ ಆಗಿದ್ದು, ಕೊಳ್ಳುವವರಿಂದ ಸಂಸ್ಥೆ ಶೇಕಡಾ 26 ಹೆಚ್ಚುವರಿಯಾಗಿ ಪಡೆದರೆ ಜಾಲತಾಣದಲ್ಲಿ 1,26,000 ಎಂದು ಬರುತ್ತದೆ. ಮಾರುವವರ ಕಮಿಷನ್ ಶೇಕಡಾ 10 ಇದ್ದರೆ ನಿಮಗೆ ಸೇರುವುದು 90,000. ಅದರಲ್ಲಿಯೂ ಚಿತ್ರ, ವಿಮೆ ಮತ್ತು ಸಾಗಣೆಯ ಖರ್ಚು ಕಳೆಯಬಹುದು. ಈ ಎರಡನೆಯ ಕಮಿಷನ್ ಬಗ್ಗೆ ಚೌಕಾಸಿ ಮಾಡಲು ಸಂಕೋಚ ಬೇಡ, ವಸ್ತು ಒಳ್ಳೆಯದಾಗಿದ್ದರೆ ಅವರು ಇಳಿಸುತ್ತಾರೆ.

ಸ್ಥಳದ ಬಗ್ಗೆ ಹೇಳುವುದಾದರೆ, ನೀವು ಈಗಾಗಲೇ ಸರಿಯಾದ ಊರಿನಲ್ಲಿದ್ದೀರಿ. ಹಾಂಗ್ ಕಾಂಗ್‌ನಲ್ಲಿ ಮಾರಾಟ ತೆರಿಗೆಯಿಲ್ಲ. ವಸಂತ ಮತ್ತು ಶರತ್ಕಾಲದ ಹರಾಜುಗಳಿಗೆ ಚೀನಾದ ಒಳನಾಡಿನಿಂದಲೂ ತೈವಾನ್‌ನಿಂದಲೂ ಸಂಗ್ರಾಹಕರು ಬರುತ್ತಾರೆ, ಬೀಜಿಂಗ್‌ನ ಚೈನಾ ಗಾರ್ಡಿಯನ್ ಮತ್ತು ಪಾಲಿ ಸಂಸ್ಥೆಗಳೂ 2012ರಿಂದ ಇಲ್ಲಿ ಹರಾಜು ನಡೆಸುತ್ತಿವೆ. ವಸ್ತುಗಳನ್ನು ಹಲವು ವಾರಗಳ ಮೊದಲೇ ಒಪ್ಪಿಸಬೇಕಾಗುವುದರಿಂದ ಕೊನೆಯ ದಿನಾಂಕವನ್ನು ಕೇಳಿಕೊಳ್ಳಿ.

ಒಪ್ಪಂದದಲ್ಲಿ ಒಂದು ಸಾಲನ್ನು ಮಾತ್ರ ಎರಡು ಸಲ ಓದಿ: ಕೊಂಡವರು ಹಣ ಕಟ್ಟದಿದ್ದರೆ ಏನಾಗುತ್ತದೆ ಎಂಬುದು. ಚೀನೀ ಕಲಾವಸ್ತುಗಳ ಹರಾಜಿನಲ್ಲಿ ಇದು ಹಳೆಯ ರೋಗ. 2010ರಲ್ಲಿ ಲಂಡನ್ನಿನ ಹೊರವಲಯದಲ್ಲಿ ಚಿಯೆನ್‌ಲಾಂಗ್ ಕಾಲದ ಪಿಂಗಾಣಿ ಹೂದಾನಿಯೊಂದು ಕಮಿಷನ್ ಸೇರಿ 5.16 ಕೋಟಿ ಪೌಂಡಿಗೆ ಹೋಯಿತೆಂದು ಲೋಕವೆಲ್ಲ ಸುದ್ದಿಯಾಯಿತು. ಕೂಗಿದವರು ಹಣ ಕೊಡಲೇ ಇಲ್ಲ, ಕೊನೆಗೆ 2013ರಲ್ಲಿ ಅದು ಅದಕ್ಕಿಂತ ಬಹಳ ಕಡಿಮೆ ಬೆಲೆಗೆ ಖಾಸಗಿಯಾಗಿ ಮಾರಾಟವಾಯಿತು.

ನಾಲ್ಕನೆಯ ಉತ್ತರ

ನಿಮಗೆ ಕರೆ ಮಾಡುತ್ತಿರುವ ಸಂಸ್ಥೆಯ ಬಗ್ಗೆ ಯಾರೂ ಬರೆಯದಿರುವುದರಿಂದ ಬರೆಯುತ್ತಿದ್ದೇನೆ. ಒಂದು ಡಾಲರನ್ನೂ ಕೊಡಬೇಡಿ. ಈ ಬಗೆಯ ವಂಚನೆ ಹಾಂಗ್ ಕಾಂಗ್‌ನಲ್ಲಿಯೂ ಚೀನಾದಲ್ಲಿಯೂ ಹಲವು ವರ್ಷಗಳಿಂದ ನಡೆಯುತ್ತಿದೆ. ಮಾಲೀಕರನ್ನು ತಾವಾಗಿ ಹುಡುಕಿಕೊಂಡು ಬಂದು, ನಂಬಲಾಗದಷ್ಟು ದೊಡ್ಡ ಬೆಲೆ ಹೇಳಿ, ಪರೀಕ್ಷೆ, ಪ್ರದರ್ಶನ, ಕ್ಯಾಟಲಾಗ್, ವಿದೇಶೀ ಸಾಗಣೆ ಎಂದು ಒಂದಾದ ಮೇಲೊಂದು ಶುಲ್ಕ ಕೀಳುತ್ತಾರೆ. ಹರಾಜು ನಡೆದರೂ ಅದು ಯಾರೂ ಕೂಗದ ಹರಾಜು. ಆಮೇಲೆ ವಸ್ತು ಮಾರಾಟವಾಗಲಿಲ್ಲವೆಂದು ಹಿಂದಿರುಗಿಸುತ್ತಾರೆ. ಶುಲ್ಕವೇ ಅವರ ಆದಾಯವಾಗಿರುವುದರಿಂದ ವಸ್ತು ಅಸಲಿಯೇ ನಕಲಿಯೇ ಎಂಬುದು ಅವರಿಗೆ ಬೇಕಿಲ್ಲ. ನಿಜವಾದ ಹರಾಜು ಸಂಸ್ಥೆ ತನ್ನ ಖರ್ಚನ್ನು ಮಾರಾಟದ ಹಣದಿಂದ ಕಳೆದುಕೊಳ್ಳುತ್ತದೆ. ಈಗಾಗಲೇ ಏನನ್ನಾದರೂ ಕಟ್ಟಿದ್ದರೆ ಪೊಲೀಸರಿಗೆ ದೂರು ಕೊಡಿ.

ಕಾನೂನಿನ ಎರಡು ಮಾತುಗಳನ್ನೂ ಸೇರಿಸುತ್ತೇನೆ. ಹೆಚ್ಚು ಬೆಲೆ ಬರುತ್ತದೆಂದು ಯಾರಾದರೂ ಹೇಳಿದರೂ ಈ ವಸ್ತುಗಳನ್ನು ಚೀನಾದ ಒಳನಾಡಿಗೆ ಸುಮ್ಮನೆ ಒಯ್ಯಬೇಡಿ. 1911ಕ್ಕಿಂತ ಹಳೆಯ ಸಾಂಸ್ಕೃತಿಕ ವಸ್ತುಗಳನ್ನು ಅಲ್ಲಿಂದ ಹೊರಗೆ ಒಯ್ಯುವುದಕ್ಕೆ ನಿಷೇಧವಿದೆ, ಒಳಗೆ ಬರುವಾಗಿನ ದಾಖಲೆ ಸರಿಯಿಲ್ಲದಿದ್ದರೆ ಮಾರಾಟವಾಗದ ವಸ್ತು ಹಿಂದಿರುಗದೆ ಉಳಿಯಬಹುದು. ಜೀರುಂಡೆ ನಿಜವಾಗಿ ಹಾನ್ ಕಾಲದ್ದೆಂದು ತೀರ್ಮಾನವಾದರೆ ಅಮೆರಿಕದ ಕೊಳ್ಳುವವರ ಪ್ರಶ್ನೆ ಬರುತ್ತದೆ. ಟಾಂಗ್ ವಂಶದ ಕೊನೆಯವರೆಗಿನ, ಅಂದರೆ ಕ್ರಿ.ಶ. 907ರವರೆಗಿನ ಚೀನೀ ಪುರಾತತ್ವ ವಸ್ತುಗಳ ಆಮದಿಗೆ ಅಲ್ಲಿ 2009ರ ಜನವರಿಯಿಂದ ನಿರ್ಬಂಧವಿದೆ, ಅದಕ್ಕೆ ಮೊದಲೇ ಚೀನಾದಿಂದ ಹೊರಬಂದಿತ್ತೆಂದು ತೋರಿಸಬೇಕಾಗುತ್ತದೆ. ಸಮಾಧಿಯಿಂದ ಬಂದ ವಸ್ತುಗಳ ವಿಷಯದಲ್ಲಿ ವಸ್ತುಸಂಗ್ರಹಾಲಯಗಳೂ ದೊಡ್ಡ ಹರಾಜು ಸಂಸ್ಥೆಗಳೂ ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದದ 1970ನೇ ಇಸವಿಯನ್ನು ಗಡಿಯಾಗಿ ನೋಡುತ್ತವೆ. ನಿಮ್ಮ 1966ರ ರಸೀದಿ ಈ ಎರಡೂ ಗಡಿಗಳಿಗಿಂತ ಹಿಂದಿನದು. ಅದರ ಮೂಲಪ್ರತಿಯನ್ನು ಯಾರ ಕೈಗೂ ಕೊಡದೆ, ಸ್ಕ್ಯಾನ್ ಮಾಡಿಸಿದ ಪ್ರತಿಯನ್ನು ಮಾತ್ರ ಕಳುಹಿಸಿ.

ಹರಾಜು ಸಂಸ್ಥೆಯವರು ನಿಮ್ಮ ಗುರುತಿನ ಪತ್ರ, ಉಯಿಲಿನ ದಾಖಲೆ ಕೇಳಿದರೆ ಬೇಸರಪಡಬೇಡಿ. 2012ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ವಸ್ತುಸಂಗ್ರಹಾಲಯದಿಂದ ಹದಿನೆಂಟು ಚೀನೀ ವಸ್ತುಗಳು ಕಳುವಾದವು, ಅವುಗಳಲ್ಲಿ ಹೆಚ್ಚಿನವು ಜೇಡ್. ಅದೇ ತಿಂಗಳು ಡರಂ ವಿಶ್ವವಿದ್ಯಾಲಯದ ಸಂಗ್ರಹಾಲಯದಿಂದ ಕದ್ದ 1769ರ ಜೇಡ್ ಬಟ್ಟಲು ಆಮೇಲೆ ಸಿಕ್ಕಿತು. ಇಂಥ ಕಳವುಗಳ ಕಾರಣ ಜೇಡ್ ವಸ್ತುಗಳ ಹಿನ್ನೆಲೆಯನ್ನು ಕಳವಿನ ದತ್ತಸಂಚಯವಾದ ಆರ್ಟ್ ಲಾಸ್ ರಿಜಿಸ್ಟರ್‌ನಲ್ಲಿ ನೋಡದೆ ಜವಾಬ್ದಾರಿಯುತ ಸಂಸ್ಥೆಗಳು ಮುಂದುವರಿಯುವುದಿಲ್ಲ.

ಮೂರನೆಯ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಐದನ್ನೂ ಒಂದೇ ಕಡೆ ಕೊಡುವ ಯೋಚನೆ ನಿಮಗಿದ್ದರೆ ಅದನ್ನು ಬಿಡಿ. ಕುದುರೆ ಮತ್ತು ಜೀರುಂಡೆಯನ್ನು ರಸೀದಿಯೊಂದಿಗೆ ದೊಡ್ಡ ಸಂಸ್ಥೆಗೆ ತೋರಿಸಿ. ಪದಕ ಎ ದರ್ಜೆಯದೆಂದು ಪ್ರಯೋಗಾಲಯದ ಪತ್ರ ಬಂದರೆ ಅದು ಆಭರಣಗಳ ಹರಾಜಿಗೆ ಹೋಗಬೇಕು, ಹಳೆಯ ಕಲಾವಸ್ತುಗಳ ನಡುವೆ ಅದಕ್ಕೆ ಸರಿಯಾದ ಕೊಳ್ಳುವವರು ಸಿಗುವುದಿಲ್ಲ. ಬಿ ಅಥವಾ ಸಿ ಎಂದಾದರೆ ಹರಾಜಿನ ಮಾತೇ ಬೇಡ. ಬೆಟ್ಟದ ಕವಿತೆಯನ್ನು ಓದಿಸಿದ ಮೇಲೆ ಅದರ ವಿಚಾರ. ಅದನ್ನು ಎಲ್ಲಿಗೆ ಒಯ್ದರೂ ಮರದ ಪೀಠವನ್ನು ಜೊತೆಯಲ್ಲಿಯೇ ಒಯ್ಯಿರಿ. ಹಳೆಯ ಅಂಗಡಿಗಳು ಮತ್ತು ಸಂಗ್ರಾಹಕರು ತಮ್ಮ ಚೀಟಿಗಳನ್ನು ಅಂಟಿಸುತ್ತಿದ್ದುದು ಹೆಚ್ಚಾಗಿ ಪೀಠದ ಅಡಿಯಲ್ಲಿ, ಇದುವರೆಗೆ ನೀವು ಅದನ್ನು ತಿರುವಿ ನೋಡಿದ್ದೀರೋ ಇಲ್ಲವೋ ತಿಳಿಯದು.